ಕೊಟ್ರಮ್ಮನ ಹಣೆ ರೂಪಾಯಿ

ನಾನು ಒಂದು ಬೆಳ್ಳಿ ರೂಪಾಯಿ. ಟಂಕಸಾಲೆಯಲ್ಲಿ ಪೆಟ್ಟು ತಿಂದು, ಯಾವುದೋ ದೂರದೇಶದ ರಾಜನ ತಲೆ ಹೊತ್ತು ಹುಟ್ಟಿದವನು. ಸಂತೆಯಿಂದ ಸಂತೆಗೆ ಅಲೆದು, ಅಂಚಿಗೊಂದು ಕಚ್ಚು ಬಿದ್ದು, ಕೊನೆಗೆ ಕೊಟ್ರಮ್ಮನ ಕೈ ಸೇರಿದೆ. ಆ ಊರಲ್ಲಿ ಸತ್ತವರ ಹಣೆಯ ಮೇಲೆ ನಾಣ್ಯ ಇಡುವ ವಾಡಿಕೆ.

"ನಾ ಸತ್ತಾಗ ನನ್ನ ಹಣಿಗೆ ಇದನ್ನೇ ಇಡು," ಎಂದಳು ಕೊಟ್ರಮ್ಮ, ಸೊಸೆ ಹಾಲಮ್ಮನಿಗೆ. ನನಗೆ ಜೀವವೇ ಹೋದಂತಾಯಿತು. ಸಾಯುವವಳು ಮಾತ್ರ ಎಲೆ ಅಡಿಕೆ ಮೆಲ್ಲುತ್ತಿದ್ದಳು.

ಅಷ್ಟರಲ್ಲಿ ಯುದ್ಧ ಬಂತು. ಸರ್ಕಾರ ಬೆಳ್ಳಿ ವಾಪಸು ಪಡೆದು ಕಾಗದದ ನೋಟು ಕೊಡುತ್ತದಂತೆ ಎಂದು ಸುದ್ದಿಯಾಯಿತು. ವಕೀಲ ರುದ್ರಮುನಿಯಪ್ಪ ಮೈದಾನದಲ್ಲಿ ಭಾಷಣಕ್ಕೆ ನಿಂತ. ಹಾಲಮ್ಮ ನನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದಳು.

"ಯಾರ ಹತ್ರನಾದ್ರೂ ಬೆಳ್ಳಿ ರೂಪಾಯಿ ಐತೇನ್ರವ್ವಾ?" ಎಂದ ಆತ. ಅವಳು ಗಂಟು ಬಿಚ್ಚಿ ಕೊಟ್ಟಳು. ಆತ ಮೈಕಿನ ಮುಂದೆ ನನ್ನನ್ನು ಮೇಜಿಗೆ ಬಡಿದ. ಠಣ್! "ಕಾಗದ ಬರೀ ಮಾತು, ಬೆಳ್ಳಿ ಸತ್ಯ. ಈ ದನಿ ನಿಮ್ಮ ಮನೆ ಬಿಟ್ಟು ಹೋಗಬಾರದು," ಎಂದ. ಜನ ಕಣ್ಣೊರೆಸಿಕೊಂಡರು. ನಾನೂ ಉಬ್ಬಿಹೋದೆ. ಹಾಗೆಂದವನೇ ನನ್ನನ್ನು ಕೋಟಿನ ಜೇಬಿಗಿಳಿಸಿ ಕಾರು ಹತ್ತಿದ. ಹಾಲಮ್ಮನ ಕೂಗು ಜಯಕಾರದಲ್ಲಿ ಮುಳುಗಿತು.

ಊರೂರಲ್ಲೂ ಅದೇ ಭಾಷಣ, ಅದೇ ಪೆಟ್ಟು. ಕೆಲವು ವರ್ಷಗಳ ಮೇಲೆ ಆತ ಮಂತ್ರಿಯಾಗಿ ಅದೇ ಮೈದಾನಕ್ಕೆ ಬಂದ. ನನ್ನನ್ನು ಎತ್ತಿ ಹಿಡಿದು, "ಬೆಳ್ಳಿಯ ಮೋಹ ಬಿಡಿ. ಇದು ಬರೀ ಸದ್ದು, ನೋಟೇ ನಾಡಿನ ಮಾನ," ಎಂದುಬಿಟ್ಟ! ನಾನು ಕಲ್ಲಾದೆ. ಅದಕ್ಕಿಂತ ದೊಡ್ಡ ಆಘಾತವೆಂದರೆ, ಅದೇ ಜನ ಅಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದರು.

ಹಾಲಮ್ಮ ವೇದಿಕೆಯ ಮೆಟ್ಟಿಲಿಗೇ ಬಂದಳು. "ಸಾಮಿ, ಅದು ನಮ್ಮತ್ತಿ ಹಣಿ ರೂಪಾಯಿ. ಕೊಟ್ಬಿಡ್ರಿ."

ಆತ ನಗುತ್ತಾ ಹೊಸ ನೋಟೊಂದನ್ನು ಅವಳ ಕೈಗಿಟ್ಟ. "ಇದೂ ರೂಪಾಯೇ ಅಲ್ವೇನವ್ವಾ?"

"ಹಣಿ ಮ್ಯಾಲೆ ನಿಲ್ಲಲ್ಲ ಸಾಮಿ. ಗಾಳಿಗೆ ಹಾರ್ತತಿ."

ಸುತ್ತಲಿದ್ದವರು ಗೊಳ್ಳೆಂದರು. ನನಗೆ ನಾಚಿಕೆಯಾಯಿತು. ಆತ ನನ್ನನ್ನು ಮತ್ತೆ ಕೋಟಿನ ಜೇಬಿಗಿಳಿಸಿದ.

ವರ್ಷಗಳು ಉರುಳಿ ಒಂದು ದಿನ ಆತ ಕುಳಿತ ಕುರ್ಚಿಯಲ್ಲೇ ಸತ್ತುಹೋದ. ಹಣೆಗಿಡಲು ನಾಣ್ಯ ಬೇಕಾದಾಗ ಅವನ ಹೆಂಡತಿ ಕೋಟು ತಡಕಾಡಿ ನನ್ನನ್ನೇ ತಂದಿಟ್ಟಳು. ಯಾರಿಗೋ ಮೀಸಲಾದವನು ಯಾರ ಹಣೆ ಸೇರಿದೆ!

ದರ್ಶನದ ಸಾಲಿನಲ್ಲಿ ಹಾಲಮ್ಮ ಬಂದಳು. ಅವಳ ತಲೆ ನರೆತಿತ್ತು. ನನ್ನ ಅಂಚಿನ ಕಚ್ಚು ನೋಡಿದವಳೇ ಗುರುತು ಹಿಡಿದಳು. ಕೈ ಚಾಚಿ ನನ್ನನ್ನು ಹಣೆಯಿಂದ ಎತ್ತಿಕೊಂಡುಬಿಟ್ಟಳು. ನೆರೆದವರು ದಂಗಾದರು.

"ಇದು ನಮ್ಮತ್ತೀದು. ಇದು ಬರೋತನಕ ಸಾಯಲ್ಲ ಅಂತ ಹಟ ಹಿಡಿದು ಕುಂತೈತಿ ಮುದುಕಿ," ಎಂದಳು. ಸೆರಗಿನ ಗಂಟು ಬಿಚ್ಚಿ, ಆತ ಕೊಟ್ಟಿದ್ದ ಅದೇ ನೋಟನ್ನು ಆ ಹಣೆಗಿಟ್ಟಳು. ಕಿಟಕಿಯ ಗಾಳಿಗೆ ಅದು ಹಾರಿತು. ಹೆಂಡತಿ ಎತ್ತಿಟ್ಟಳು. ಮತ್ತೆ ಹಾರಿತು. ಯಾರೊಬ್ಬರೂ ಹಾಲಮ್ಮನನ್ನು ತಡೆಯಲಿಲ್ಲ.

ಕೊಟ್ರಮ್ಮನಿಗೆ ಈಗ ಕಣ್ಣು ಕಾಣದು. ನನ್ನನ್ನು ಹೊಸ್ತಿಲಿಗೆ ಬಡಿದು, ಕಿವಿಗೊಟ್ಟು ಕೇಳಿ, "ಇದೇ," ಎಂದು ಬೊಚ್ಚುಬಾಯಿ ತುಂಬ ನಕ್ಕಳು. ಈಗ ಅವಳ ದಿಂಬಿನಡಿಯಲ್ಲಿದ್ದೇನೆ. ಅವಳ ಉಸಿರು ಒಂದು ಕ್ಷಣ ತಡವಾದರೂ ನನ್ನೆದೆ ಝಲ್ಲೆನ್ನುತ್ತದೆ. ಇಷ್ಟು ವರ್ಷ ನನ್ನ ದಾರಿ ಕಾಯುತ್ತಲೇ ಅವಳು ಬದುಕಿದ್ದಳು. ಈಗ ನಾನು ಬಂದುಬಿಟ್ಟೆನಲ್ಲ.