ಅಪ್ಪನ ಗಡ್ಡ

ಕನ್ನಡಿಯಲ್ಲಿ ಎರಡು ಮುಖಗಳು. ಒಂದು, ತಿರುಗುಕುರ್ಚಿಗೆ ಒರಗಿ ನೊರೆಯಲ್ಲಿ ಅರ್ಧ ಮುಳುಗಿದ ಮುದುಕನದು. ಇನ್ನೊಂದು, ಅವನ ಬೆನ್ನ ಹಿಂದೆ ನಿಂತ ಮಗನದು. ಬಿಳಿಯ ಹೊದಿಕೆಯ ಮೇಲೆ ಬೆಳಗಿನ ಬಿಸಿಲು ಪಟ್ಟಿಯಾಗಿ ಬಿದ್ದಿತ್ತು. ಬಾಚಣಿಗೆಗಳು, ಬಾಟಲಿಗಳು, ಮಡಿಸಿಟ್ಟ ಟವೆಲ್ಲುಗಳು ಉಸಿರು ಬಿಗಿಹಿಡಿದಂತಿದ್ದವು. ಕ್ಷೌರದಂಗಡಿಗೆ ಗಿರಾಕಿಗಳು ಇನ್ನೂ ಬಂದಿರಲಿಲ್ಲ.

ಕತ್ತಿ ಹಿಡಿದಾಗಲೆಲ್ಲ ಎದುರಿನವರ ಕೊರಳು ಕುಯ್ದುಬಿಟ್ಟೇನೆಂಬ ಯೋಚನೆ ಮಗನನ್ನು ಹಿಂಡತೊಡಗಿ ವರ್ಷಗಳಾಗಿದ್ದವು. ಅಂದಿನಿಂದ ಗಡ್ಡವೆಲ್ಲ ಅಪ್ಪನ ಪಾಲು, ತಲೆಯಷ್ಟೇ ಮಗನ ಪಾಲು. ಈಚೆಗೆ ಕತ್ತರಿಯೂ ಅವನ ಕೈಬಿಟ್ಟಿತ್ತು. ಮನೆಯಲ್ಲಿ ಅವನಮ್ಮ ಚಾಕುವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. "ನಾನು ಯಾರಿಗೂ ಏನೂ ಮಾಡಿಲ್ಲ ಅಲ್ವಾ ಅಪ್ಪ?" ಎಂದು ಅವನು ಕೇಳಿದಷ್ಟು ಸಲವೂ ಅಪ್ಪ ಇಲ್ಲವೆನ್ನುತ್ತಿದ್ದ.

"ಇದು ಗೀಳು ಕಾಯಿಲೆ," ಎಂದಿದ್ದರು ಡಾಕ್ಟರಮ್ಮ. "ಯೋಚನೆ ಬಂತು ಅಂದ್ರೆ ಆಸೆ ಇದೆ ಅಂತಲ್ಲ. ಅವನಿಗೆ ಅದು ಅಸಹ್ಯ, ಅದಕ್ಕೇ ಕಾಡೋದು. ನೀವು ಸಮಾಧಾನ ಹೇಳಿದಷ್ಟೂ, ಕತ್ತಿ ಬಚ್ಚಿಟ್ಟಷ್ಟೂ ಅದಕ್ಕೆ ಮೇವು ಹಾಕಿದ ಹಾಗೆ." ಆಮೇಲೆ ತಿಂಗಳುಗಟ್ಟಲೆ ಮದ್ದು, ಮಾತು, ಅಭ್ಯಾಸ. ಇಂದು ಮೊದಲ ಗಡ್ಡ.

"ಮುದುಕನ ಗಡ್ಡ ಕಣೋ. ನೊರೆ ಯಾವುದು, ಕೂದಲು ಯಾವುದು ಅಂತ ನೋಡ್ಕೊಂಡು ಎಳಿ," ಎಂದ ಅಪ್ಪ.

"ಸುಮ್ನಿರು. ನಗಿಸಿದ್ರೆ ಕೈ ಜಾರುತ್ತೆ," ಎಂದ ಮಗ, ತನ್ನ ಮಾತಿಗೆ ತಾನೇ ಬೆಚ್ಚಿದ. "ನಾನು ಏನೂ ಮಾಡಲ್ಲ ಅಲ್ವಾ?"

ಅಪ್ಪ ಎಂದಿನಂತೆ ಸಮಾಧಾನ ಹೇಳಲಿಲ್ಲ. ಅಷ್ಟರಮಟ್ಟಿಗೆ ಡಾಕ್ಟರಮ್ಮನ ಮಾತು ಉಳಿಸಿಕೊಂಡ. ಆದರೆ ಮಗ ಬರುವ ಮೊದಲೇ ಕತ್ತಿಯಿಂದ ಬ್ಲೇಡನ್ನು ಕಳಚಿಟ್ಟಿದ್ದ. ಮೊದಲ ದಿನವಲ್ಲವೇ, ಹುಡುಗ ಒಂದು ಸಲ ಗೆಲ್ಲಲಿ ಎಂದು.

ಕತ್ತಿ ಕೆನ್ನೆಯ ಮೇಲಿಂದ ಇಳಿಯಿತು. ನೊರೆ ಹೋಯಿತು, ಕರಕರ ಸದ್ದು ಬರಲಿಲ್ಲ. ಮಗ ಆ ಸದ್ದು ಕೇಳುತ್ತಲೇ ಬೆಳೆದವನೆಂಬುದನ್ನು ಅಪ್ಪ ಮರೆತಿದ್ದ. ಮಗ ಕತ್ತಿಯನ್ನು ಬಿಸಿಲಿಗೆ ಹಿಡಿದ.

"ಬ್ಲೇಡಿಲ್ಲ."

"ನಿನಗೆ ಹಗುರಾಗಲಿ ಅಂತ ಕಣೋ..."

"ಅಂದ್ರೆ ನಾನು ಏನಾದ್ರೂ ಮಾಡಿಬಿಡ್ತೀನಿ ಅಂತ ನಿನಗೂ ಅನ್ಸಿದೆ." ದನಿಯಲ್ಲಿ ಸಿಟ್ಟಿರಲಿಲ್ಲ, ಬಹುಕಾಲದ ಅನುಮಾನವೊಂದು ಖಚಿತವಾದವನ ಶಾಂತಿಯಿತ್ತು.

ಇಲ್ಲವೆನ್ನಲು ಅಪ್ಪ ಬಾಯ್ತೆರೆದ. ಬ್ಲೇಡು ಕಳಚಿದ್ದು ಮಗನಿಗಾಗಿಯೋ ತನಗಾಗಿಯೋ ಎಂದು ಅವನಿಗೇ ತಿಳಿಯಲಿಲ್ಲ.

"ಹೊಸದು ಹಾಕು. ಇಲ್ಲೇ ಕೂತಿರ್ತೀನಿ," ಎಂದ.

ಮಗ ಕತ್ತಿಯನ್ನು ಮಡಿಸಿ ಅಪ್ಪನ ಕೈಗೆಟುಕುವಂತೆ ಇಟ್ಟ. ಹೊದಿಕೆಯ ಗಂಟು ಬಿಚ್ಚಿದ. ಗಿರಾಕಿಯನ್ನು ಬೀಳ್ಕೊಡುವಾಗ ಮಾಡುವಂತೆ ಅಪ್ಪನ ಹೆಗಲನ್ನು ಒಮ್ಮೆ ಕೊಡವಿ, ನಡೆದ. ಗಾಜಿನ ಬಾಗಿಲು ಅವನ ಹಿಂದೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಮುಚ್ಚಿಕೊಂಡಿತು.