ಮಹಡಿಯ ಬಾಡಿಗೆಯವರು

ವೆನ್‌ಪಿನ್ ಬಸ್ಸಿನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ, ಅಷ್ಟರಲ್ಲಿ ಹಿಂದಿನಿಂದ ಯಾರೋ ತೋಳು ಹಿಡಿದು ಎಳೆದರು. ಎಪ್ಪತ್ತೊಂದರ ಮೊಣಕಾಲು, ಬೀಳುವುದೊಂದು ಬಾಕಿ.

"ಇಳಿ ಕೆಳಗೆ," ಎಂದಳು ಶ್ಯೂಚಿನ್, ಸತ್ತವನ ಅಕ್ಕ. "ನೀನು ಸುಡೋ ಜಾಗಕ್ಕೆ ಹೋಗೋ ಹಾಗಿಲ್ಲ."

ಮುಂದೆ ನಿಂತಿದ್ದ ಶವದ ವ್ಯಾನಿನಲ್ಲಿ ಖುನ್‌ಯುವಾನ್ ಮಲಗಿದ್ದ. ತೈನಾನ್ ಪಟ್ಟಣದ ಆ ಓಣಿಯ ಅರ್ಧ ಜನ ಬಸ್ಸಿನೊಳಗೆ ಕೂತು ಕಿಟಕಿಯಿಂದ ಇಣುಕುತ್ತಿದ್ದರು. ಮೂವತ್ತಾರು ವರ್ಷ ಜೊತೆಗೆ ಬಾಳಿದವನನ್ನು ಕೊನೆಯ ಅರ್ಧ ಗಂಟೆ ಕಳಿಸಿಕೊಡುವುದಕ್ಕೂ ಇವಳ ಅಪ್ಪಣೆ ಬೇಕೇ ಎಂದು ವೆನ್‌ಪಿನ್‌ಗೆ ಅನ್ನಿಸಿತು.

"ಅಕ್ಕ, ಇವತ್ತೊಂದು ದಿನ ಬಿಡಿ. ನಾಳೆಯಿಂದ ನೀವು ಹೇಳಿದ ಹಾಗೆ."

"ಇವತ್ತೇ ಬಿಡೋ ಹಾಗಿಲ್ಲ."

*

ಖುನ್‌ಯುವಾನ್ ನಸುಕಿನಲ್ಲೆದ್ದು ತಮ್ಮಿಬ್ಬರ ಗಂಜಿ ಅಂಗಡಿಗೆ ಹೂಮೀನಿನ ಗಂಜಿ ಕಾಯಿಸುತ್ತಿದ್ದ. ಇನ್ನೂರು ಚಿಲ್ಲರೆ ಮುಳ್ಳಿರುವ ಆ ಮೀನಿನ ಮುಳ್ಳು ತೆಗೆಯುವುದು ವೆನ್‌ಪಿನ್ ಪಾಲಿನ ಕೆಲಸ. ಅವನು ಯಾರು ಎಂದು ಯಾರಾದರೂ ಕೇಳಿದರೆ ಶ್ಯೂಚಿನ್‌ಳದ್ದು ಒಂದೇ ಉತ್ತರ: "ಮಹಡಿಯ ಬಾಡಿಗೆಯವರು." ಹೊಸ ವರ್ಷದ ಊಟಕ್ಕೆ ಬಾಡಿಗೆಯವರಿಗೆ ಮಕ್ಕಳ ಮೇಜಿನಲ್ಲಿ ಜಾಗ.

ಗಂಡು ಗಂಡನ್ನು ಮದುವೆಯಾಗಬಹುದೇ ಎಂದು ದೇಶವೆಲ್ಲ ಮತ ಹಾಕಿದ ದಿನ, ಅವಳು ಮತಗಟ್ಟೆಯಿಂದ ಸೀದಾ ಅಂಗಡಿಗೆ ಬಂದಳು.

"ಬೇಡ ಅಂತ ಹಾಕಿ ಬಂದೆ," ಎಂದಳು ತಮ್ಮನಿಗೆ. "ಬೆನ್ನ ಹಿಂದೆ ಮಾಡೋಳಲ್ಲ ನಾನು, ಎದುರಿಗೇ ಹೇಳ್ತೀನಿ."

"ಆಯ್ತು ಬಿಡಕ್ಕ. ಗಂಜಿಗೆ ಶುಂಠಿ ಜಾಸ್ತಿ ಹಾಕಲಾ?"

ಖುನ್‌ಯುವಾನ್ ಅವಳ ಬಟ್ಟಲಿಗೆ ಮೀನಿನ ಹೊಟ್ಟೆಯ ದಪ್ಪ ತುಂಡನ್ನೇ ಹಾಕಿದ. ಒಳಗಿದ್ದ ವೆನ್‌ಪಿನ್‌ಗೆ ಆ ತುಂಡಿನಲ್ಲಿ ಒಂದಾದರೂ ಮುಳ್ಳು ಬಿಡಬೇಕಿತ್ತು ಅನ್ನಿಸಿತು. ಬಿಟ್ಟಿರಲಿಲ್ಲ.

ಅಂದು ಬೇಡ ಎಂದವರೇ ಗೆದ್ದರು. ಆದರೆ ಅಂಥ ಮದುವೆ ಆಗಬಹುದೆಂದು ನ್ಯಾಯಾಲಯ ಮೊದಲೇ ತೀರ್ಪು ಕೊಟ್ಟಾಗಿತ್ತು, ಮರುವರ್ಷ ಕಾನೂನು ಬಂತು. ಇಬ್ಬರೂ ಸ್ಕೂಟರಿನಲ್ಲಿ ಹೋಗಿ ಮದುವೆಯ ನೋಂದಣಿಗೆ ಸಹಿ ಹಾಕಿ ಬಂದು ಮಧ್ಯಾಹ್ನಕ್ಕೆ ಅಂಗಡಿ ತೆರೆದರು. ಓಣಿಯ ಒಬ್ಬಿಬ್ಬರು ಗಂಜಿಗೆ ಬರುವುದನ್ನು ಬಿಟ್ಟರು. ಬೇಡ ಎಂದು ಮತ ಹಾಕಿದ್ದ ಎದುರುಮನೆಯವನು ಒಂದು ಕೋಳಿ ತಂದುಕೊಟ್ಟ. ಜನರ ಮನಸ್ಸು ಯಾವ ಲೆಕ್ಕಕ್ಕೂ ಸಿಗುವಂಥದ್ದಲ್ಲ. ಅಕ್ಕ ಮಾತ್ರ ಆ ಮಾತನ್ನೇ ಎತ್ತಲಿಲ್ಲ, ಬಾಡಿಗೆಯವರು ಬಾಡಿಗೆಯವರಾಗಿಯೇ ಉಳಿದರು.

*

ಸೋದರಮಾವನ ಫೋಟೋ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಯಾಹುಯಿಗೆ ತಡೆಯಲಾಗಲಿಲ್ಲ. ಅವಳು ಶ್ಯೂಚಿನ್‌ಳ ಮಗಳು.

"ಅಮ್ಮ, ಇವತ್ತಾದ್ರೂ ನಿನ್ನ ಹಟ ಬಿಡು. ಬಾಡಿಗೆಯವರು ಬರಬಾರದು ಅಂತ ಯಾವ ಶಾಸ್ತ್ರದಲ್ಲಿದೆ?"

"ಬಾಡಿಗೆಯವರು ಧಾರಾಳವಾಗಿ ಬರಬಹುದು, ಬೀದಿ ನಾಯೀನೂ ಬರಬಹುದು!" ಶ್ಯೂಚಿನ್ ರೇಗಿದಳು. "ಗಂಡ ಹೋದ್ರೆ ಹೆಂಡತಿ ಕಳಿಸೋಕೆ ಹೋಗಬಾರದು, ಹೆಂಡತಿ ಹೋದ್ರೆ ಗಂಡ ಹೋಗಬಾರದು. ನಿಮ್ಮಪ್ಪ ಸತ್ತಾಗ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿರಲಿಲ್ವಾ? ಇವನಿಗೇನು ಬೇರೆ ಪದ್ಧತಿನಾ?"

ಬಸ್ಸಿನೊಳಗಿದ್ದವರು ಕಿಟಕಿಯಿಂದ ಇನ್ನಷ್ಟು ಹೊರಕ್ಕೆ ಬಗ್ಗಿದರು. ವೆನ್‌ಪಿನ್ ಬಾಗಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೂವತ್ತಾರು ವರ್ಷ ಕಾದ ಮಾತು ಬೈಗುಳದ ಜೊತೆಗೆ ಬಂದಿತ್ತು. ಬಂತಲ್ಲ, ಅಷ್ಟು ಸಾಕು. ಈ ಮುದುಕಿಯ ಕಾಲಿಗೆ ಅಲ್ಲೇ ಅಡ್ಡ ಬೀಳಬೇಕು ಅನ್ನಿಸಿತು.

"ಮತ್ತೆ ಮದುವೆ ಆಗೋರು ಮಾತ್ರ ಹೋಗಬಾರದು, ಅಲ್ವಾ ಅಕ್ಕ?" ಎಂದು ಮೆಲ್ಲಗೆ ಕೇಳಿದ.

"ಹೌದು. ಹೋದ್ರೆ ಊರೆದುರು ಮಾತು ಕೊಟ್ಟ ಹಾಗೆ, ಆಮೇಲೆ ಇನ್ನೊಬ್ಬರನ್ನ ಕಟ್ಟಿಕೊಳ್ಳೋ ಹಾಗಿಲ್ಲ. ನಿನಗಿನ್ನೂ ಹಲ್ಲು ಗಟ್ಟಿ ಇದಾವೆ, ಯಾರಿಗೆ ಗೊತ್ತು!"

"ಊರೆದುರೇ ಕೊಡ್ತೀನಿ ಅಕ್ಕ."

ಶ್ಯೂಚಿನ್ ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ಬಿಟ್ಟು, ತಾನೇ ಎಳೆದು ಮುದುರಿಸಿದ್ದ ಅವನ ತೋಳಿನ ಬಟ್ಟೆಯನ್ನು ಸವರಿ ಸರಿಮಾಡಿದಳು.

"ಏಯ್, ಮುಂದಿನ ಸೀಟು ಬಿಡ್ರೋ!" ಎಂದು ಬಸ್ಸಿನೊಳಕ್ಕೆ ಕೂಗಿದಳು. "ನನ್ನ ತಮ್ಮನ ಮನೆಯವರು ಬರ್ತಿದಾರೆ."

ಮುಂದೆ ಕೂತಿದ್ದ ಮೀನಿನ ವ್ಯಾಪಾರಿ ದಡಬಡಿಸಿ ಎದ್ದು ಹಿಂದಕ್ಕೆ ಹೋದ. ಯಾಹುಯಿ ಫೋಟೋವನ್ನು ವೆನ್‌ಪಿನ್‌ನ ತೊಡೆಯ ಮೇಲಿಟ್ಟಳು. ಕಿರಿಯರು ಸತ್ತರೆ ಹಿರಿಯರು ಕಳಿಸಲು ಹೋಗಬಾರದು, ನೋಡಲೂಬಾರದು ಎಂಬುದೂ ಪದ್ಧತಿಯೇ. ಬಸ್ಸು ಹೊರಟಾಗ ಶ್ಯೂಚಿನ್ ರಸ್ತೆಗೆ ಬೆನ್ನು ಮಾಡಿ ನಿಂತಿದ್ದಳು. ತಿರುಗದೆಯೇ ಒಂದು ಕೈಯನ್ನು ಹಿಂದಕ್ಕೆ ಚಾಚಿ, ಬಸ್ಸು ಮೂಲೆ ದಾಟುವ ತನಕ ಬೀಸುತ್ತಲೇ ಇದ್ದಳು.