ಕ್ರೂನಿಯಜ್ಜಿ ಹೇಳದ ಆರನೆಯ ರೂಪ

ನಿಘಂಟು ಕಚೇರಿಯವರು ನನ್ನನ್ನು ಪೀವ ಕಣಿವೆಗೆ ಕಳಿಸಿದ್ದು ನಮ್ಮ ಭಾಷೆಯ ‘ಜ್ವಾತಿ’ ಎಂಬ ಒಂದೇ ಕ್ರಿಯಾಪದಕ್ಕಾಗಿ. ಕರೆಯುವುದು ಎಂದರ್ಥ. ಸಂಸ್ಕೃತದ ‘ಆಹ್ವಾನ’ವೂ ಇದೂ ಒಂದೇ ಬೇರಿನವು ಎಂದು ನಮ್ಮ ಹಿರಿಯರು ಚೀಟಿಯಲ್ಲಿ ಬರೆದಿಟ್ಟಿದ್ದರು. ಬೆಟ್ಟದವರ ಬಾಯಲ್ಲಿ ಅದರ ರೂಪಗಳು ಹೇಗಿವೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ.

ಎಂಬತ್ತರ ಹತ್ತಿರದ ಕ್ರೂನಿಯಜ್ಜಿ ಒಲೆಯ ಪಕ್ಕ ಕೂತು ಉಣ್ಣೆ ನೂಲುತ್ತಿದ್ದಳು. ಸೊಸೆ ಯೋಕ ಆಗಷ್ಟೇ ಬ್ರೆಡ್ಡು ಸುಟ್ಟು ತೆಗೆದಿದ್ದಳು.

“ಒಂದು ಮಾತಿಗೋಸ್ಕರ ಇಷ್ಟು ದೂರ ಬಂದ್ರಾ? ಇದಕ್ಕೂ ಸಂಬಳ ಕೊಡ್ತಾರಾ?” ಎಂದು ಯೋಕ ನಕ್ಕಳು.

ಅಜ್ಜಿ ಮಾತ್ರ ಮಗ್ಗಿ ಒಪ್ಪಿಸುವವಳಂತೆ ಶುರುಮಾಡಿದಳು. “ಜೋವೆಮ್, ನಾನು ಕರೀತೀನಿ. ಜೋವೆಶ್, ನೀನು ಕರೀತೀಯ. ಜೋವೆ, ಅವಳು ಕರೀತಾಳೆ. ಜೋವೆಮೊ, ನಾವು. ಜೋವೆತೆ, ನೀವು.” ಅಷ್ಟಕ್ಕೆ ನಿಲ್ಲಿಸಿ ಕದಿರು ತಿರುಗಿಸತೊಡಗಿದಳು.

“ಅವರು ಅನ್ನೋದಕ್ಕೆ, ಅಜ್ಜಿ?”

ಯೋಕಳ ನಗು ಮಾಯವಾಯಿತು. ನನ್ನನ್ನು ಹೊರಗೆ ಕರೆದೊಯ್ದು ಕಮರಿಯ ಆಚೆ ತೋರಿಸಿದಳು. ಸೂರಿಲ್ಲದ ನಾಲ್ಕು ಕಲ್ಲುಮನೆಗಳು.

“ಅದೊಂದನ್ನ ನಮ್ಮನೇಲಿ ಯಾರೂ ಅನ್ನಲ್ಲ. ಮೊದಲ್ನೇ ಮಹಾಯುದ್ಧದ ಚಳಿಗಾಲ ಅಲ್ಲಿಗೆ ಟೈಫಸ್ ಜ್ವರ ಬಂತು. ಅತ್ತೆ ತಂಗಿ ಅಂಜುಶನ್ನ ಅಲ್ಲಿಗೇ ಕೊಟ್ಟಿದ್ದು. ಆ ಮನೆಯವರು ಮೂರು ದಿನ ಅತ್ತೆ ಹೆಸರು ಹಿಡಿದು ಕೂಗಿದ್ರಂತೆ. ತೊಟ್ಟಿಲಲ್ಲಿ ನನ್ನ ಗಂಡ ಇದ್ರು, ಅತ್ತೆ ಹೋಗ್ಲಿಲ್ಲ. ನಾಲ್ಕನೇ ದಿನ ಯಾರೂ ಕೂಗ್ಲಿಲ್ಲ.”

ನನಗೆ ಚೀಟಿ ತುಂಬಿಸುವ ಆತುರ. ಒಳಗೆ ಬಂದವಳೇ, “‘ಜೋವು’ ತಾನೇ, ಅಜ್ಜಿ?” ಎಂದುಬಿಟ್ಟೆ. ‘ಅವರು ಕರೆಯುತ್ತಿದ್ದಾರೆ’ ಎಂದು ಪೂರ್ತಿ ಹೇಳಲು ನಮ್ಮ ಭಾಷೆಯಲ್ಲಿ ಅದೊಂದೇ ಮಾತು ಸಾಕು.

ಕದಿರು ನಿಂತಿತು. “ಹೂಂ, ಕೇಳಿಸ್ತು” ಎಂದು ಅಜ್ಜಿ ಎದ್ದಳು. ಬಿಸಿ ಬ್ರೆಡ್ಡನ್ನು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಳು. ಅಂಗಳಕ್ಕೆ ಹೋಗುತ್ತಾಳೆ ಎಂದುಕೊಂಡೆವು. ಕಮರಿಯಿಂದ ಹಗಲಲ್ಲೇ ಮಂಜು ಏರುತ್ತಿತ್ತು. ನಾವು ಅಂಚಿಗೆ ಓಡುವಷ್ಟರಲ್ಲಿ ಅವಳ ಕಪ್ಪು ತಲೆವಸ್ತ್ರ ಕೆಳಗೆ ಎರಡನೆಯ ತಿರುವಿನಲ್ಲಿತ್ತು.

“ಬಂದೆ ಕಣೇ, ಬಂದೆ” ಎಂದು ಅವಳು ಆಚೆ ದಡಕ್ಕೆ ಕೂಗಿದಳು.

ಪ್ರತಿಧ್ವನಿ ಬಂತು. ಅಜ್ಜಿ ‘ಬಂದೆ’ ಎಂದಿದ್ದಳು. ಅದು ‘ಬಾ’ ಎಂದಿತು. ಯೋಕ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದುಕೊಂಡಳು.

ನಾವು ತಡವರಿಸುತ್ತ ಇಳಿದು, ಹತ್ತಿ, ಆಚೆ ಸೇರುವಾಗ ಹೊತ್ತು ಇಳಿದಿತ್ತು. ಅಜ್ಜಿ ಮೂರನೆಯ ಮನೆಯ ಹೊಸ್ತಿಲಲ್ಲಿ ಕೂತಿದ್ದಳು, ಉಸಿರು ಕೂಡ ಏರಿರಲಿಲ್ಲ. ಬಟ್ಟೆಯಲ್ಲಿ ಬ್ರೆಡ್ಡಿನ ಕಾಲುಭಾಗ ಉಳಿದಿತ್ತು.

“ಯಾರು ತಿಂದ್ರು, ಅತ್ತೆ?” ಎಂದಳು ಯೋಕ.

“ಉಪ್ಪು ಕಮ್ಮಿ ಅಂದ್ಲು. ನಿನ್ನ ಕೈಯಡುಗೆ ಅಂತ ಹೇಳ್ದೆ.”

ಅಜ್ಜಿಯ ಮಗ ಬಂದು ಅವಳನ್ನು ಬೆನ್ನಮೇಲೆ ಹೊತ್ತು ಮನೆಗೆ ತಂದ. ಅಜ್ಜಿ ಇನ್ನೂ ಎರಡು ವರ್ಷ ಬದುಕಿದಳು. ಪ್ರತಿ ಶನಿವಾರ ಕಮರಿ ಇಳಿದು ಹೋಗುತ್ತಿದ್ದಳಂತೆ. ಯೋಕ ತಡೆಯಲಿಲ್ಲ. ಹಿಟ್ಟಿಗೆ ಉಪ್ಪು ಮಾತ್ರ ಒಂದು ಚಿಟಿಕೆ ಜಾಸ್ತಿ ಹಾಕುತ್ತಿದ್ದಳು.